ಲ್ಯಾಟಿನ್‌ನಲ್ಲಿ ‘ಗುರುತು’ ಅನ್ನೋದಕ್ಕೆ ಇಷ್ಟೊಂದು ಪದ ಯಾಕೆ? ಕನ್ನಡದಲ್ಲಿ ಏನನ್ನೋಣ?

ಪದಹುಡುಕಿ
ಎಲ್ಲರಿಗೂ ನಮಸ್ಕಾರ. ಒಂದೂವರೆ ವರ್ಷದಿಂದ ಮನೆಯಲ್ಲೇ ಕೂತು ಲ್ಯಾಟಿನ್ ಕಲಿಯುತ್ತಿದ್ದೇನೆ. ಈಗ ಇತಿಹಾಸಕಾರ ಲಿವಿ, ವಾಗ್ಮಿ ಸಿಸೆರೋ ಇಬ್ಬರನ್ನೂ ದಿನಕ್ಕೆ ಅರ್ಧ ಪುಟದಂತೆ ಓದುತ್ತೇನೆ. ಹೊಸ ಪದ ಬಂದಾಗಲೆಲ್ಲ ಕನ್ನಡ ಅರ್ಥ ಬರೆದಿಡುವ ಪುಸ್ತಕ ಒಂದಿದೆ. ಅದರಲ್ಲಿ ಒಂದು ಪುಟ ಮಾತ್ರ ಮುಂದಕ್ಕೆ ಹೋಗುತ್ತಿಲ್ಲ.

ಸಿಗ್ನುಮ್, ಓಮೆನ್, ಔಸ್ಪಿಕಿಯುಮ್, ಪ್ರೋದಿಗಿಯುಮ್, ಓಸ್ತೆಂತುಮ್, ಪೋರ್ತೆಂತುಮ್, ಮೋನ್‌ಸ್ತ್ರುಮ್, ನೊತ, ಇಂದಿಕಿಯುಮ್, ವೆಸ್ತೀಗಿಯುಮ್. ನಿಘಂಟು ತೆಗೆದರೆ ಎಲ್ಲದಕ್ಕೂ ‘ಗುರುತು’, ‘ಸೂಚನೆ’ ಅಂತಲೇ ಸುತ್ತಿ ಸುತ್ತಿ ಬರುತ್ತದೆ. ರೋಮನ್ನರು ಇಷ್ಟನ್ನೂ ಸುಮ್ನೆ ಇಟ್ಟುಕೊಂಡಿರಲಿಲ್ಲ, ಅಲ್ವಾ? ಒಂದೊಂದಕ್ಕೂ ಬೇರೆ ಬೇರೆ ಕನ್ನಡ ಪದ ಬೇಕು. ಇನ್ನೊಂದು ಪ್ರಶ್ನೆ: ಸಿಗ್ನುಮ್ ಮತ್ತು ಚಿಹ್ನೆ, ಎರಡೂ ಒಂದೇ ಬೇರಿನವಾ? ಕಿವಿಗೆ ಹಾಗೇ ಕೇಳುತ್ತದೆ.

ದಂಡಯಾತ್ರೆ
ಸಿಗ್ನುಮ್‌ನಿಂದ ಶುರು ಮಾಡೋಣ. ಲಿವಿಯನ್ನು ಓದುತ್ತಿದ್ದೀರಿ ಅಂದರೆ ನಿಮಗೆ ಹತ್ತರಲ್ಲಿ ಏಳು ಸಲ ಸಿಗುವುದು ಸೈನ್ಯದ ಸಿಗ್ನುಮ್. ಕಂಬದ ಮೇಲೆ ಕಟ್ಟಿ ಎತ್ತಿ ಹಿಡಿಯುವ ಲಾಂಛನ. ಧೂಳಿನಲ್ಲಿ, ಗದ್ದಲದಲ್ಲಿ ಸೈನಿಕನಿಗೆ ತನ್ನ ತುಕಡಿ ಎಲ್ಲಿದೆ ಅಂತ ತೋರಿಸುವುದು ಅದೊಂದೇ. ಅದಕ್ಕೇ ಭಾಷೆಯೆಲ್ಲ ಅದರ ಸುತ್ತ ಬೆಳೆಯಿತು. ಸಿಗ್ನ ಇನ್‌ಫೆರ್ರೆ ಅಂದರೆ ಮುನ್ನುಗ್ಗು. ಸಿಗ್ನ ರೆಫೆರ್ರೆ ಅಂದರೆ ಹಿಂದೆ ಸರಿ. ಸಿಗ್ನ ಕೋನ್‌ಫೆರ್ರೆ ಅಂದರೆ ಕೈಗೆ ಕೈ ಹತ್ತಿದ ಕಾಳಗ. ಸಿಗ್ನ ರೆಲಿಂಕ್ವೆರೆ ಅಂದರೆ ಸೈನ್ಯ ಬಿಟ್ಟು ಓಡು. ಇಲ್ಲೆಲ್ಲ ‘ಗುರುತು’ ಅಂತ ಹಾಕಿದರೆ ವಾಕ್ಯ ಸತ್ತುಹೋಗುತ್ತದೆ.

ಮೊದಲು ತೋಳ, ಹಂದಿ, ಕುದುರೆ, ಮಿನೋಟಾರ್ ಲಾಂಛನಗಳೂ ಇದ್ದವು. ಕ್ರಿ.ಪೂ. 104ರಲ್ಲಿ ದಂಡನಾಯಕ ಮಾರಿಯಸ್ ಹದ್ದು ಒಂದನ್ನೇ ಸೈನ್ಯದ ದೊಡ್ಡ ದಳವಾದ ಲೀಜನ್‌ನ ಲಾಂಛನ ಮಾಡಿದ ಅಂತ ರೋಮನ್ ಲೇಖಕ ಪ್ಲಿನಿ ಬರೆಯುತ್ತಾನೆ. ಕ್ರಿ.ಪೂ. 53ರಲ್ಲಿ ಕರ‍್ಹೆಯಲ್ಲಿ ಇರಾನಿನ ಪಾರ್ಥಿಯನ್ನರ ಕೈಲಿ ರೋಮನ್ ದಂಡನಾಯಕ ಕ್ರಾಸಸ್ ಸತ್ತಾಗ ರೋಮಿನವರನ್ನು ವರ್ಷಗಟ್ಟಲೆ ಚುಚ್ಚಿದ್ದು ಸೋಲು ಮಾತ್ರ ಅಲ್ಲ, ಕಳೆದುಹೋದ ಸಿಗ್ನ. ಚಕ್ರವರ್ತಿ ಆಗಸ್ಟಸ್ ಅವನ್ನು ಕ್ರಿ.ಪೂ. 20ರಲ್ಲಿ ಮಾತುಕತೆಯಿಂದಲೇ ವಾಪಸ್ ತರಿಸಿದ. ನಾಣ್ಯದ ಮೇಲೆ ‘ಸಿಗ್ನಿಸ್ ರೆಕೆಪ್ತಿಸ್’, ಲಾಂಛನಗಳು ಮರಳಿ ಬಂದವು, ಅಂತ ಅಚ್ಚು ಹಾಕಿಸಿದ. ವ್ಯಾಟಿಕನ್‌ನಲ್ಲಿರುವ ಅವನ ಪ್ರೀಮಾ ಪೋರ್ತಾ ಪ್ರತಿಮೆಯ ಎದೆಕವಚದ ನಟ್ಟನಡುವೆ ಕೆತ್ತಿರುವುದೂ ಅದೇ ದೃಶ್ಯ.

ಸಂಸ್ಕೃತಿ_ಪ್ರಿಯ
ಸಿಗ್ನುಮ್ ಅಂದ್ರೆ ಚಿಹ್ನೆಯೇ. ಸಂಸ್ಕೃತದಿಂದ ಅಲ್ಲಿಗೆ ಹೋಗಿದ್ದು. ಇದರಲ್ಲಿ ಚರ್ಚೆ ಮಾಡೋಕೆ ಏನಿದೆ?

ಬೇರುಬಿಳಲು
ಚರ್ಚೆ ಮಾಡಲೇಬೇಕು, ಯಾಕೆಂದರೆ ಇದು ತಪ್ಪು. ಪದದ ಮೊದಲಲ್ಲಿ ಲ್ಯಾಟಿನ್ ‘ಸ’ ಇದ್ದರೆ ಸಂಸ್ಕೃತದಲ್ಲೂ ಸಾಮಾನ್ಯವಾಗಿ ‘ಸ’ ಸಿಗಬೇಕು. ಸೆಪ್ತೆಮ್ - ಸಪ್ತ. ಸೆರ್ಪೆನ್ಸ್ - ಸರ್ಪ. ‘ಚ’ ಬರುವುದಿಲ್ಲ. ಕಿವಿಗೆ ಹತ್ತಿರ ಕೇಳಿದ್ದೆಲ್ಲ ನೆಂಟರಲ್ಲ. ಸಿಗ್ನುಮ್ ‘ಕತ್ತರಿಸು’ ಅನ್ನುವ ಸೆಕಾರೆಯ ಬೇರಿನದ್ದು ಅಂತ ಕೆಲವರು, ‘ಹಿಂಬಾಲಿಸು’ ಅನ್ನುವ ಸೆಕ್ವಿಯ ಬೇರಿನದ್ದು ಅಂತ ಕೆಲವರು ಹೇಳುತ್ತಾರೆ. ಮೊದಲನೆಯದಾದರೆ ಮರದ ಮೇಲೆ ಕೆತ್ತಿದ ಗೆರೆ. ಎರಡನೆಯದಾದರೆ ಹಿಂದೆ ಹೋಗುವಂಥದ್ದು. ನನಗೆ ಮೊದಲನೆಯದೇ ಸರಿ ಅನಿಸುತ್ತದೆ.

ನಿಜವಾದ ನೆಂಟಸ್ತಿಕೆ ಬೇಕೆಂದರೆ ಬೇರೆ ಕಡೆ ನೋಡಿ. ಇಂದೆಕ್ಸ್ ಅಂದರೆ ತೋರುಬೆರಳು. ಅದರೊಳಗಿನ ‘ದಿಕ್’ ಮತ್ತು ನಮ್ಮ ದಿಕ್ಕು, ನಿರ್ದೇಶ, ಆದೇಶಗಳ ‘ದಿಶ್’ ಒಂದೇ ಬೇರು, ತೋರಿಸು ಅಂತ ಅರ್ಥ. ಮೋನ್‌ಸ್ತ್ರುಮ್ ಹುಟ್ಟಿದ್ದು ಮೊನೇರೆಯಿಂದ, ಅಂದರೆ ಎಚ್ಚರಿಸು, ನೆನಪಿಸು. ಅದರ ಬೇರು ಮನಸ್ಸು, ಮನನ ಇವುಗಳ ಬೇರೇ. ಔಸ್ಪಿಕಿಯುಮ್ ಅಂದರೆ ಹಕ್ಕಿ ನೋಡುವುದು. ಅವಿಸ್ ಹಕ್ಕಿ, ಸ್ಪೆಕೆರೆ ನೋಡು. ಸಂಸ್ಕೃತದಲ್ಲಿ ಹಕ್ಕಿಗೆ ‘ವಿ’, ನೋಡುತ್ತಾನೆ ಅನ್ನೋದಕ್ಕೆ ‘ಪಶ್ಯತಿ’. ಎರಡು ತುಂಡೂ ಎರಡು ಭಾಷೆಯಲ್ಲೂ ಉಳಿದಿವೆ.

ಸಂಸ್ಕೃತಿ_ಪ್ರಿಯ
ಮನಸ್ಸು ಮತ್ತು ಮಾನ್‌ಸ್ಟರ್ ಒಂದೇ ಬೇರು ಅಂತೀರಿ, ಚಿಹ್ನೆ ಮತ್ತು ಸಿಗ್ನುಮ್ ಮಾತ್ರ ಅಲ್ಲ ಅಂತೀರಿ. ನಂಬೋದು ಕಷ್ಟ. ಆದರೆ ದಿಕ್ಕು-ಇಂದೆಕ್ಸ್ ಒಪ್ಪಿದೆ.

ಕಡಲಕರೆ
ಉಚ್ಚಾರದ ಬಗ್ಗೆ ಒಂದು ಮಾತು. ನಾನು ಮಂಗಳೂರಿನವಳು. ನಮ್ಮ ಅಜ್ಜನ ಕಾಲದಲ್ಲಿ ಚರ್ಚಿನ ಪೂಜೆ ಲ್ಯಾಟಿನ್‌ನಲ್ಲೇ ನಡೆಯುತ್ತಿತ್ತು. 1962-65ರ ಎರಡನೇ ವ್ಯಾಟಿಕನ್ ಸಭೆ ಆದ ಮೇಲೇ ಅದು ಬದಲಾಗಿದ್ದು. ಅಜ್ಜ ‘ಸಿನ್ಯುಮ್ ಕ್ರೂಚಿಸ್’ ಅನ್ನುತ್ತಿದ್ದರು, ಶಿಲುಬೆಯ ಗುರುತು ಅಂತ. ‘ಸಿಗ್ನುಮ್’ ಅಂತ ಓದುವುದನ್ನು ಕೇಳಿದ್ದರೆ ಖಂಡಿತ ತಿದ್ದುತ್ತಿದ್ದರು.

ಇನ್ನೊಂದು ಪದ ಪಟ್ಟಿಯಲ್ಲಿ ಬಿಟ್ಟುಹೋಗಿದೆ: ತಿತುಲುಸ್. ಶಿಲುಬೆಯ ತಲೆಯ ಮೇಲೆ ‘ಐಎನ್‌ಆರ್‌ಐ’ ಅಂತ ಬರೆದ ಹಲಗೆ ನೋಡಿರುತ್ತೀರಿ. ಅದು ‘ಯೇಸುಸ್ ನಜರೇನುಸ್ ರೆಕ್ಸ್ ಯುದೆಯೋರುಮ್’, ನಜರೇತಿನ ಯೇಸು, ಯೆಹೂದ್ಯರ ರಾಜ. ಆ ಹಲಗೆಗೇ ತಿತುಲುಸ್ ಅನ್ನೋದು. ಟೈಟಲ್ ಬಂದಿದ್ದು ಅಲ್ಲಿಂದ.

ದಂಡಯಾತ್ರೆ
ಚರ್ಚಿನ ಉಚ್ಚಾರ ಚರ್ಚಿಗೆ ಸರಿ. ಸಿಸೆರೋ ಕಾಲದಲ್ಲಿ ಹಾಗಿರಲಿಲ್ಲ. ಆಗ ‘ಗ್ನ’ ಇದ್ದ ಕಡೆ ಮೂಗಿನಿಂದ ‘ಙ್ನ’ ಅಂತ ಹೇಳುತ್ತಿದ್ದರು. ಸಿಙ್ನುಮ್.

ಕಡಲಕರೆ
ಸಾವಿರದೈನೂರು ವರ್ಷ ಜನರ ಬಾಯಲ್ಲಿ ಬದುಕಿದ ಉಚ್ಚಾರ ತಪ್ಪು ಅಂತ ನಾನು ಒಪ್ಪಲ್ಲ. ಸತ್ತ ಭಾಷೆ ಅಂತ ಹೇಳುವವರು ಅದನ್ನು ಹಾಡಿದವರ ಬಾಯಿ ನೋಡಿಲ್ಲ.

ಬೇರುಬಿಳಲು
ಇಬ್ಬರೂ ಸರಿ, ಕಾಲ ಬೇರೆ ಅಷ್ಟೆ. ಆದರೆ ಒಂದು ಖುಷಿ ಹೇಳಲೇಬೇಕು. ಒಂದನೇ ಕ್ಲಾಸಿನಲ್ಲಿ ಕಲಿತ ‘ಙ’ ಅಕ್ಷರ ಆಮೇಲೆ ಎಲ್ಲೂ ಬರೆಯಲೇ ಇಲ್ಲ. ಸಿಸೆರೋ ಹೇಳಿದ ಹಾಗೆ ಸಿಙ್ನುಮ್ ಬರೆಯೋಕೆ ನಮ್ಮ ಲಿಪಿಯಲ್ಲಿ ಅಕ್ಷರ ತಯಾರಾಗಿದೆ. ಲ್ಯಾಟಿನ್ ಲಿಪಿಯಲ್ಲೇ ಇಲ್ಲ!

ಹಾಲಕ್ಕಿ
ಓಮೆನ್‌ಗೆ ಬರುತ್ತೇನೆ, ನನಗೆ ತುಂಬಾ ಇಷ್ಟವಾದ ಪದ. ಇದು ಹೆಚ್ಚಾಗಿ ಕಿವಿಗೆ ಬೀಳುವ ಸೂಚನೆ. ಯಾರೋ ತಮ್ಮ ಪಾಡಿಗೆ ಏನೋ ಹೇಳುತ್ತಾರೆ, ಕೇಳಿದವನಿಗೆ ಅದು ಬೇರೆಯೇ ಆಗಿ ತಾಗುತ್ತದೆ.

ಕ್ರಾಸಸ್ ಪಾರ್ಥಿಯನ್ನರ ಮೇಲೆ ಹೊರಟು ಬ್ರುಂದಿಸಿಯುಮ್ ಬಂದರಿನಲ್ಲಿ ಹಡಗು ಹತ್ತಿಸುತ್ತಿದ್ದ. ದಡದಲ್ಲಿ ಒಬ್ಬ ‘ಕೌನೆಯಾಸ್! ಕೌನೆಯಾಸ್!’ ಅಂತ ಕೂಗುತ್ತಿದ್ದ. ಕೌನುಸ್ ಊರಿನ ಅಂಜೂರ ಮಾರುವವನು ಅವನು. ಆದರೆ ಅದೇ ಸದ್ದು ‘ಕವೆ ನೆ ಎಯಾಸ್’ ಅಂತಲೂ ಕೇಳುತ್ತದೆ. ‘ಹುಷಾರು, ಹೋಗಬೇಡ.’ ಕ್ರಾಸಸ್ ಹೋದ, ಕರ‍್ಹೆಯಲ್ಲಿ ಸತ್ತ. ಸಿಸೆರೋ ಇದನ್ನು ಹೇಳಿ, ಹೀಗೆಲ್ಲ ನಂಬುತ್ತಾ ಹೋದರೆ ಕಾಲು ಎಡವಿದ್ದಕ್ಕೂ ಸೀನಿದ್ದಕ್ಕೂ ಹೆದರಬೇಕಾಗುತ್ತದೆ ಅನ್ನುತ್ತಾನೆ.

ಇನ್ನೊಂದು ಕಥೆ ಇದಕ್ಕಿಂತ ಮೃದು. ರೋಮಿನ ದಂಡನಾಯಕ ಎಮಿಲಿಯಸ್ ಪೌಲಸ್‌ಗೆ ಮ್ಯಾಸಿಡೋನಿಯಾದ ದೊರೆ ಪರ್ಸೆಯುಸ್ ಜೊತೆಗಿನ ಯುದ್ಧದ ಹೊಣೆ ಬಂದ ದಿನ. ಮನೆಗೆ ಬಂದರೆ ಪುಟ್ಟ ಮಗಳು ತೆರ್ತಿಯ ಸಪ್ಪಗಿದ್ದಾಳೆ. ಯಾಕಮ್ಮ ಅಂದರೆ ‘ಅಪ್ಪಾ, ಪೆರ್ಸ ಸತ್ತುಹೋಯಿತು’ ಅಂದಳು. ಅದು ಅವಳ ನಾಯಿಮರಿ. ಅಪ್ಪ ಅವಳನ್ನು ಅಪ್ಪಿಕೊಂಡು ‘ಅಕ್ಕಿಪಿಯೋ ಓಮೆನ್’ ಅಂದ. ಈ ಮಾತನ್ನು ತಗೊಂಡೆ ಅಂತ. ಗಮನಿಸಿ, ಓಮೆನ್ ತಗೊಳ್ಳಬೇಕು. ತಗೊಳ್ಳದಿದ್ದರೆ ಅದು ಬರೀ ಮಾತು.

ಮಲೆನಾಡ_ಮಳೆ
ಇದು ನಮ್ಮನೆಯದೇ ಕಥೆ ಇದ್ದಂಗಿದೆ! ಅಜ್ಜಿ ಹೊರಟವರನ್ನು ‘ಎಲ್ಲಿಗೆ?’ ಅಂತ ಕೇಳಲು ಬಿಡುತ್ತಿರಲಿಲ್ಲ. ಕೆಟ್ಟ ಮಾತು ಆಡಿದರೆ ‘ಅಸ್ತು ದೇವತೆಗಳು ತಿರುಗ್ತಿರ್ತಾರೆ, ಸುಮ್ನಿರು’ ಅನ್ನುತ್ತಿದ್ದರು. ಒಳ್ಳೆಯ ಮಾತಾಡಿದರೆ ‘ನಿನ್ನ ಬಾಯಿಗೆ ಸಕ್ಕರೆ ಹಾಕ’ ಅಂತ ಖುಷಿ ಪಡುತ್ತಿದ್ದರು. ಅದೇ ಅಕ್ಕಿಪಿಯೋ ಓಮೆನ್ ಅಲ್ವಾ?

ಬಯಲುಸೀಮೆ
ಹಾಗಾದರೆ ಓಮೆನ್‌ಗೆ ‘ಕಾರಣಿಕ’ ಅಂತ ಹಾಕಬಹುದು. ಮೈಲಾರದಲ್ಲಿ ಗೊರವಯ್ಯ ಬಿಲ್ಲು ಏರಿ ‘ಸದ್ದಲೇ’ ಅಂದ ಕೂಡಲೇ ಅಷ್ಟು ಜನ ಒಮ್ಮೆಲೇ ಉಸಿರು ಹಿಡಿದು ನಿಲ್ಲುತ್ತಾರೆ. ಅವನು ಹೇಳುವುದು ಒಂದೇ ಒಂದು ಮಾತು. ವರ್ಷವಿಡೀ ಜನ ಅದಕ್ಕೆ ಮಳೆ, ಬೆಳೆ, ರಾಜಕೀಯ ಅಂತ ಅರ್ಥ ಹಚ್ಚುತ್ತಾರೆ. ನಾನು ಎರಡು ಸಲ ಹೋಗಿದ್ದೇನೆ. ಆ ಮೌನ ಕೇಳಿದವರಿಗೇ ಗೊತ್ತು.

ಹಾಲಕ್ಕಿ
ಕಾರಣಿಕ ಓಮೆನ್ ಅಲ್ಲ. ಗೊರವಯ್ಯ ಹೇಳಲೆಂದೇ ಏರುತ್ತಾನೆ, ಜನ ಕೇಳಲೆಂದೇ ಬಂದಿರುತ್ತಾರೆ. ಅಂಜೂರದವನಿಗೆ ತಾನು ಏನೋ ನುಡಿದೆ ಅಂತಲೇ ಗೊತ್ತಿರಲಿಲ್ಲ. ಕಾರಣಿಕಕ್ಕೆ ಲ್ಯಾಟಿನ್‌ನ ಓರಾಕುಲುಮ್, ಅಂದರೆ ದೇವರ ನುಡಿ, ಹತ್ತಿರ.

ಬಯಲುಸೀಮೆ
ಒಪ್ಪಿದೆ. ಆದರೂ ಅರ್ಥ ಹಚ್ಚುವ ಕೆಲಸ ಕೇಳಿದವರದ್ದೇ ಅನ್ನೋದು ಎರಡರಲ್ಲೂ ಒಂದೇ.

ಪದಹುಡುಕಿ
ಓಮೆನ್ = ‘ಬಾಯಿಮಾತಿನ ಶಕುನ’ ಅಂತ ಸದ್ಯಕ್ಕೆ ಬರೆದೆ. ಔಸ್ಪಿಕಿಯುಮ್‌ಗೆ ಏನು? ಅದಕ್ಕೂ ಶಕುನವೇ ಬಂದಿತ್ತು, ಅದಕ್ಕೇ ಗೊಂದಲ.

ಹಾಲಕ್ಕಿ
ಔಸ್ಪಿಕಿಯುಮ್‌ಗೇ ಶಕುನ ಬಿಟ್ಟುಕೊಡಿ! ಸಂಸ್ಕೃತದಲ್ಲಿ ಶಕುನ ಅಂದರೆ ಮೊದಲ ಅರ್ಥ ಹಕ್ಕಿ. ಗ್ರೀಕ್‌ನಲ್ಲೂ ಹಕ್ಕಿಗೆ, ಶಕುನಕ್ಕೆ ಒಂದೇ ಪದ, ಒಯೋನೋಸ್. ಮೂರು ಭಾಷೆಯ ಜನ ಆಕಾಶ ನೋಡಿ ಒಂದೇ ದಾರಿ ಹಿಡಿದಿದ್ದಾರೆ.

ಆದರೆ ಒಂದು ವ್ಯತ್ಯಾಸ ಇಟ್ಟುಕೊಳ್ಳಿ. ಔಸ್ಪಿಕಿಯುಮ್ ಭವಿಷ್ಯ ಹೇಳುವುದಿಲ್ಲ. ‘ಇವತ್ತು ಈ ಕೆಲಸ ಮಾಡಬಹುದಾ?’ ಅಂತ ದೇವರ ಒಪ್ಪಿಗೆ ಕೇಳುವುದು ಅಷ್ಟೆ. ಬೇಡ ಅಂದರೆ ನಾಳೆ ಮತ್ತೆ ಕೇಳಬಹುದು. ಯುದ್ಧಕ್ಕೆ ಕೋಳಿಗಳನ್ನು ಪಂಜರದಲ್ಲಿ ಒಯ್ಯುತ್ತಿದ್ದರು. ಕಾಳು ಹಾಕಿದಾಗ ಬಾಯಿಂದ ಉದುರುವಷ್ಟು ಆಸೆಯಿಂದ ತಿಂದರೆ ಒಳ್ಳೆಯದು. ಕ್ರಿ.ಪೂ. 249ರಲ್ಲಿ ಸಿಸಿಲಿಯ ದ್ರೆಪಾನ ಹತ್ತಿರ ಕೋಳಿ ತಿನ್ನಲಿಲ್ಲ. ದಂಡನಾಯಕ ಕ್ಲಾಡಿಯಸ್ ಪುಲ್ಕರ್ ‘ತಿನ್ನೋದಿಲ್ಲವಾದರೆ ಕುಡಿಯಲಿ’ ಅಂತ ಸಮುದ್ರಕ್ಕೆ ಎಸೆಸಿದ. ಆವತ್ತು 93 ಹಡಗು ಶತ್ರುಗಳ ಪಾಲಾಯಿತು.

ಮಲೆನಾಡ_ಮಳೆ
ಎಡ-ಬಲ ಅವರಲ್ಲೂ ಇತ್ತಾ? ನಮ್ಮಲ್ಲಿ ಹಕ್ಕಿ ಎಡಕ್ಕೆ ಹೋಯಿತಾ ಬಲಕ್ಕೆ ಹೋಯಿತಾ ಅಂತ ದೊಡ್ಡವರು ನೋಡುತ್ತಿದ್ದರು.

ಹಾಲಕ್ಕಿ
ಇತ್ತು, ಆದರೆ ತಿರುಗುಮುರುಗು. ರೋಮನ್ನರಿಗೆ ಎಡವೇ ಒಳ್ಳೆಯದು, ಎಡಗಡೆ ಗುಡುಗಿದರೆ ಶುಭ. ಗ್ರೀಕರಿಗೆ ಬಲ ಒಳ್ಳೆಯದು. ಸಿಸೆರೋ ಸ್ವತಃ ಅಗುರ್, ಅಂದರೆ ಶಕುನ ನೋಡುವ ಅಧಿಕಾರಿ. ‘ನಮಗೆ ಎಡ ಚೆಂದ, ಗ್ರೀಕರಿಗೆ ಬಲ ಚೆಂದ’ ಅಂತ ಅವನೇ ಬರೆದಿದ್ದಾನೆ. ಮುಂದೆ ಗ್ರೀಕ್ ಪ್ರಭಾವದಿಂದ ‘ಎಡ’ ಅನ್ನುವ ಸಿನಿಸ್ತೆರ್ ಪದಕ್ಕೆ ಕೆಟ್ಟ ಅರ್ಥ ಅಂಟಿಕೊಂಡಿತು.

ಮಾತ್ರೆಡಬ್ಬಿ
ಔಷಧಿ ಅಂಗಡಿಯವನು ನಾನು, ಹದಿನೆಂಟು ವರ್ಷದಿಂದ. ಲ್ಯಾಟಿನ್ ನಿಮ್ಮ ಜೇಬಿನಲ್ಲೇ ಇದೆ. ಕನ್ನಡಕದ ಚೀಟಿಯಲ್ಲಿ ‘ಓಎಸ್’ ಅಂದರೆ ಓಕುಲುಸ್ ಸಿನಿಸ್ತೆರ್, ಎಡಗಣ್ಣು. ಮಾತ್ರೆ ಚೀಟಿಯಲ್ಲಿ ‘ಬಿಡಿ’ ಅಂದರೆ ಬಿಸ್ ದಿಯೆ, ದಿನಕ್ಕೆ ಎರಡು ಸಲ. ‘ಎಚ್‌ಎಸ್’ ಅಂದರೆ ಹೋರ ಸೋಮ್ನಿ, ಮಲಗುವ ಹೊತ್ತು. ‘ಎಸ್‌ಒಎಸ್’ ಅಂತ ಇದ್ದರೆ ಜನ ಗಾಬರಿಯಾಗಿ ಅಂಗಡಿಗೆ ಓಡಿ ಬರುತ್ತಾರೆ, ಅಪಾಯದ ಕರೆ ಅಂದುಕೊಂಡು. ಅದು ‘ಸಿ ಓಪುಸ್ ಸಿತ್’, ಬೇಕೆನಿಸಿದರೆ ಮಾತ್ರ ತಗೊಳ್ಳಿ ಅಂತ. ಎಷ್ಟು ಜನರಿಗೆ ಬಿಡಿಸಿ ಹೇಳಿದ್ದೇನೋ.

ನಿಮ್ಮ ಸಿಗ್ನುಮ್‌ಗೂ ನಂಟಿದೆ. ಚೀಟಿಯಲ್ಲಿ ಔಷಧಿಯ ಹೆಸರಿನ ಕೆಳಗೆ ‘ಸಿಗ್’ ಅಂತ ಬರೆಯುವ ಪದ್ಧತಿ ಇದೆ. ಸಿಗ್ನಾ, ಅಂದರೆ ‘ಹೀಗೆ ಗುರುತು ಹಾಕು’. ಡಬ್ಬಿಯ ಮೇಲೆ ಏನು ಬರೆಯಬೇಕು ಅಂತ ನಮಗೆ ಹೇಳುವುದು.

ಗಡಿಯಾಚೆ
ಜರ್ಮನಿಯಲ್ಲಿದ್ದೇನೆ. ಇಲ್ಲಿ ಆಶೀರ್ವಾದಕ್ಕೆ ‘ಜೇಗೆನ್’ ಅನ್ನುತ್ತಾರೆ. ಅದೂ ಸಿಗ್ನುಮ್‌ನಿಂದಲೇ! ಪಾದ್ರಿ ಶಿಲುಬೆಯ ಗುರುತು ಮಾಡಿ ಹರಸುತ್ತಿದ್ದರಲ್ಲ, ಹಾಗೆ. ವೆಲ್ಷ್‌ನಲ್ಲಿ ಅದೇ ಪದ ‘ಸುಯಿನ್’ ಆಗಿ ಮಂತ್ರ-ಮಾಟ ಅನ್ನುವ ಅರ್ಥ ಪಡೆದಿದೆ. ಫ್ರೆಂಚ್‌ನಲ್ಲಿ ಅಂಗಡಿ ಬೋರ್ಡಿಗೆ ‘ಆಂಸೇನ್ಯ’, ಅದು ಇನ್ಸಿಗ್ನೆಯ ಬಹುವಚನ ಇನ್ಸಿಗ್ನಿಯದಿಂದ.

ರಾಜಬೀದಿ
ಅಂಗಡಿ ಬೋರ್ಡು ಅಂದಿರಿ, ಹಾಗಾಗಿ ಕೇಳುತ್ತೇನೆ. ಬೆಂಗಳೂರಿನಲ್ಲಿ 60% ಕನ್ನಡ ಇರಬೇಕು ಅಂತ ಕಾನೂನಿದ್ದರೂ ನಮ್ಮ ಬೀದಿಯಲ್ಲಿ ಇನ್ನೂ ಕನ್ನಡ ಮೂಲೆಯಲ್ಲೇ ಇದೆ. ಇದಕ್ಕೆ ಯಾರು ಏನು ಮಾಡಬೇಕು?

ದಂಡಯಾತ್ರೆ
ನ್ಯಾಯವಾದ ಪ್ರಶ್ನೆ, ಬೇರೆ ಚರ್ಚೆ ತೆರೆಯಿರಿ, ನಾನೂ ಬರುತ್ತೇನೆ. ಇಲ್ಲಿ ಸಿಗ್ನುಮ್ ಮುಗಿಸೋಣ. ಇನ್ನೂ ಮೂರು ಅರ್ಥ ಬಾಕಿ ಇದೆ.

ಒಂದು, ಕಾವಲಿನ ಗುಟ್ಟುಮಾತು. ಹಳೆಯ ಕಾಲದಲ್ಲಿ ಅದನ್ನು ತೆಸ್ಸೆರ ಅನ್ನುವ ಮರದ ಹಲಗೆಯ ಮೇಲೆ ಬರೆದು ಡೇರೆಯಿಂದ ಡೇರೆಗೆ ದಾಟಿಸುತ್ತಿದ್ದರು. ಚಕ್ರವರ್ತಿಗಳ ಕಾಲದಲ್ಲಿ ಅರಮನೆ ಕಾವಲಿಗೆ ಚಕ್ರವರ್ತಿಯೇ ಮಾತು ಕೊಡುತ್ತಿದ್ದ. ನೀರೋ ಕೊಟ್ಟ ಮೊದಲ ಮಾತು ‘ಓಪ್ತಿಮ ಮಾತೆರ್’, ಅತ್ಯುತ್ತಮ ತಾಯಿ. ಐದು ವರ್ಷದಲ್ಲಿ ಅದೇ ತಾಯಿಯನ್ನು ಕೊಲ್ಲಿಸಿದ. ಕಲಿಗುಲ ತನ್ನ ಅಧಿಕಾರಿ ಕೈರೆಯನನ್ನು ಅಣಕಿಸಲೆಂದೇ ‘ವೀನಸ್’, ‘ಪ್ರಿಯಾಪುಸ್’ ಅಂತೆಲ್ಲ ಕೊಡುತ್ತಿದ್ದ. ಕ್ರಿ.ಶ. 41ರಲ್ಲಿ ಕತ್ತಿ ಎತ್ತಿದವನು ಆ ಕೈರೆಯನೇ.

ಎರಡು, ಮುದ್ರೆ. ಪುಟ್ಟ ಸಿಗ್ನುಮ್ ಅಂದರೆ ಸಿಗಿಲ್ಲುಮ್, ಅದೇ ಇಂದಿನ ‘ಸೀಲು’. ಮುದ್ರೆ ಒಡೆಯುವುದು, ಬರೆದದ್ದನ್ನು ರದ್ದು ಮಾಡುವುದು ರೆಸಿಗ್ನಾರೆ. ಕೆಲಸಕ್ಕೆ ‘ರಿಸೈನ್’ ಮಾಡುವುದು ಅಲ್ಲಿಂದ.

ಮೂರು, ಪ್ರತಿಮೆ. ಇದು ಬಹಳ ಜನರನ್ನು ಬೀಳಿಸುತ್ತದೆ. ಸಿಸಿಲಿಯ ರಾಜ್ಯಪಾಲನಾಗಿದ್ದ ವೆರೆಸ್ ಮೇಲಿನ ಮೊಕದ್ದಮೆಗೆ ಸಿಸೆರೋ ಬರೆದ ಒಂದು ಭಾಷಣಕ್ಕೆ ‘ದೇ ಸಿಗ್ನಿಸ್’ ಅಂತ ಹೆಸರಿದೆ. ಅದು ‘ಚಿಹ್ನೆಗಳ ಬಗ್ಗೆ’ ಅಲ್ಲ. ಸಿಸಿಲಿಯ ಗುಡಿಗಳಿಂದ, ಮನೆಗಳಿಂದ ವೆರೆಸ್ ಕದ್ದ ಪ್ರತಿಮೆಗಳ ಬಗ್ಗೆ.

ಕಡಲಕರೆ
‘ಇನ್ ಹೋಕ್ ಸಿಗ್ನೋ ವಿಂಕೆಸ್’ ಬಿಟ್ಟಿರಲ್ಲ! ಕ್ರಿ.ಶ. 312ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಆಕಾಶದಲ್ಲಿ ಕಂಡದ್ದು. ‘ಈ ಗುರುತಿನಿಂದ ಗೆಲ್ಲುವೆ.’

ದಂಡಯಾತ್ರೆ
ಅದನ್ನು ಬರೆದಿಟ್ಟ ಯೂಸೆಬಿಯಸ್ ಬರೆದದ್ದು ಗ್ರೀಕ್‌ನಲ್ಲಿ. ಮೂಲ ಮಾತು ‘ತೂತೋ ನಿಕಾ’, ಇದರಿಂದ ಗೆಲ್ಲು. ಅಲ್ಲಿ ‘ಗುರುತು’ ಅನ್ನುವ ಪದವೇ ಇಲ್ಲ. ಸಿಗ್ನೋ ಲ್ಯಾಟಿನ್‌ಗೆ ಬಂದಾಗ ಸೇರಿಕೊಂಡಿದ್ದು.

ಬೇರುಬಿಳಲು
ಉಳಿದ ನಾಲ್ಕು ಒಟ್ಟಿಗೇ ಹೇಳಿಬಿಡುತ್ತೇನೆ. ಸಿಸೆರೋ ಒಂದೇ ವಾಕ್ಯದಲ್ಲಿ ನಾಲ್ಕನ್ನೂ ಕಟ್ಟಿದ್ದಾನೆ: ತೋರಿಸುತ್ತವೆ, ಮುಂಚಾಚುತ್ತವೆ, ಕಾಣಿಸುತ್ತವೆ, ಮುನ್ನುಡಿಯುತ್ತವೆ, ಅದಕ್ಕೇ ಅವುಗಳಿಗೆ ಓಸ್ತೆಂತ, ಪೋರ್ತೆಂತ, ಮೋನ್‌ಸ್ತ್ರ, ಪ್ರೋದಿಗಿಯ ಅಂತ ಹೆಸರು. ಅಂದರೆ ಅವನಿಗೇ ಇವು ಹೆಚ್ಚು ಕಡಿಮೆ ಒಂದೇ. ಪದಹುಡುಕಿಯವರೇ, ಈ ನಾಲ್ಕಕ್ಕೆ ನಾಲ್ಕು ಬೇರೆ ಕನ್ನಡ ಪದ ಬಲವಂತವಾಗಿ ಹುಡುಕಬೇಡಿ.

ಪ್ರೋದಿಗಿಯುಮ್ ಮಾತ್ರ ಸ್ವಲ್ಪ ಬೇರೆ, ಅದಕ್ಕೆ ಸರ್ಕಾರಿ ಕಡತ ಇತ್ತು. ಊರಲ್ಲಿ ಏನೋ ವಿಚಿತ್ರ ನಡೆದರೆ ಸೆನೆಟ್‌ಗೆ ವರದಿ ಬರಬೇಕು. ಸೆನೆಟ್ ‘ಹೌದು, ಇದು ರಾಜ್ಯಕ್ಕೆ ಬಂದದ್ದು’ ಅಂತ ಒಪ್ಪಬೇಕು. ಆಮೇಲೆ ಪುರೋಹಿತರು ಶಾಂತಿ ಮಾಡಿಸಬೇಕು. ರೋಮಿನ ಶತ್ರು, ಕಾರ್ಥೇಜಿನ ಹ್ಯಾನಿಬಲ್ ಇಟಲಿಗೆ ಇಳಿದ ಚಳಿಗಾಲದ ಪಟ್ಟಿ ಲಿವಿಯಲ್ಲಿ ಇದೆ. ತರಕಾರಿ ಸಂತೆಯಲ್ಲಿ ಆರು ತಿಂಗಳ ಕೂಸು ಜಯಕಾರ ಹಾಕಿತು. ದನದ ಸಂತೆಯಲ್ಲಿ ಎತ್ತೊಂದು ತಾನಾಗಿ ಮೂರನೇ ಮಹಡಿ ಹತ್ತಿ ಕೆಳಕ್ಕೆ ಹಾರಿತು. ಕಲ್ಲಿನ ಮಳೆ ಸುರಿಯಿತು. ಆ ಪಟ್ಟಿ ಓದಿದಾಗ ನನಗೆ ನಗು ಬರಲಿಲ್ಲ. ಹೆದರಿದ ಊರೊಂದು ಅದರಲ್ಲಿ ಕಾಣುತ್ತದೆ.

ಕನ್ನಡಕ್ಕೆ ‘ಉತ್ಪಾತ’ ಅಂತ ಹಾಕಿ. ನಾಲ್ಕಕ್ಕೂ ಒಗ್ಗುತ್ತದೆ.

ಸಂಸ್ಕೃತಿ_ಪ್ರಿಯ
ಉತ್ಪಾತ ಸರಿಯಾದ ಪದ. ಇದನ್ನು ಪೂರ್ತಿ ಒಪ್ಪುತ್ತೇನೆ.

ಮಲೆನಾಡ_ಮಳೆ
‘ನೊತ’ ಯಾರೂ ಹೇಳಲಿಲ್ಲ.

ರಾಜಬೀದಿ
ನೊತ ನಾನು ಹೇಳುತ್ತೇನೆ, ಕಾನೂನು ಓದಿದ್ದರಿಂದ ಗೊತ್ತು. ಸೆನ್ಸಾರ್ ಅನ್ನುವ ಅಧಿಕಾರಿ ಸೆನೆಟರನ ಹೆಸರಿನ ಪಕ್ಕ ನೊತ ಹಾಕಿದರೆ ಅವನ ಮಾನ ಹೋಯಿತು. ಅದಕ್ಕೆ ಕನ್ನಡದಲ್ಲಿ ‘ಕಪ್ಪುಚುಕ್ಕೆ’ ತುಂಬಾ ಹತ್ತಿರ. ಸಿಸೆರೋನ ಕಾರ್ಯದರ್ಶಿ ತೀರೋ ಹೆಸರಿನಲ್ಲಿರುವ ಶೀಘ್ರಲಿಪಿಗೂ ನೊತ ಅಂತಲೇ ಹೆಸರು. ಅದರಲ್ಲಿ ‘ಮತ್ತು’ ಅನ್ನುವ ಗುರುತನ್ನು ಐರ್ಲೆಂಡಿನ ರಸ್ತೆ ಫಲಕಗಳಲ್ಲಿ ಇವತ್ತಿಗೂ ನೋಡಬಹುದು.

ಗುರುತು ಮನುಷ್ಯರ ಮೇಲೂ ಬೀಳುತ್ತಿತ್ತು. ರೋಮಿನ ಮ್ಯೂಸಿಯಂನಲ್ಲಿ ಒಬ್ಬ ಗುಲಾಮನ ಕುತ್ತಿಗೆಯ ಕಬ್ಬಿಣದ ಪಟ್ಟಿ ಇದೆ. ಅದಕ್ಕೆ ತೂಗುವ ಬಿಲ್ಲೆಯ ಮೇಲೆ ಬರೆದಿದೆ: ‘ಓಡಿಹೋಗಿದ್ದೇನೆ, ಹಿಡಿ. ನನ್ನ ಒಡೆಯ ಜೋನಿನುಸ್‌ಗೆ ಒಪ್ಪಿಸಿದರೆ ಒಂದು ಸೋಲಿದುಸ್ ಸಿಗುತ್ತದೆ.’ ಸೋಲಿದುಸ್ ಅಂದರೆ ಚಿನ್ನದ ನಾಣ್ಯ. ಒಡೆಯನ ಹೆಸರಿದೆ, ಹಣ ಎಷ್ಟು ಅಂತ ಇದೆ. ಕೊರಳಲ್ಲಿ ಹೊತ್ತವನ ಹೆಸರು ಮಾತ್ರ ಇಲ್ಲ.

ಮಾತ್ರೆಡಬ್ಬಿ
ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಬಯಲುಸೀಮೆ
ಒಂದು ಮಾತು ಸಿಗ್ನುಮ್‌ಗೆ. ‘ಕುರುಹು’ ಯಾಕೆ ಬೇಡ? ವಚನಗಳಲ್ಲಿ ಎಷ್ಟೊಂದು ಸಲ ಬರುತ್ತದೆ. ಇಷ್ಟಲಿಂಗವನ್ನು ‘ಅರಿವಿನ ಕುರುಹು’ ಅನ್ನುತ್ತೇವೆ. ಕೈಯಲ್ಲಿರುವುದು ಒಂದು, ಅದು ಮನಸ್ಸಿಗೆ ತರುವುದು ಇನ್ನೊಂದು.

ಬೇರುಬಿಳಲು
ಇದು ಸಂತ ಅಗಸ್ಟೀನ್ ಹೇಳಿದ್ದಕ್ಕೆ ಎಷ್ಟು ಹತ್ತಿರ! ಕಣ್ಣಿಗೆ ಕಿವಿಗೆ ತಾನು ಕಾಣಿಸಿಕೊಳ್ಳುವುದಲ್ಲದೆ ಇನ್ನೊಂದನ್ನು ಮನಸ್ಸಿಗೆ ತಂದುಕೊಡುವ ವಸ್ತುವೇ ಸಿಗ್ನುಮ್ ಅನ್ನುತ್ತಾನೆ. ತಾನಾಗಿ ಆಗುವ ಗುರುತಿಗೆ ಅವನು ಕೊಡುವ ಉದಾಹರಣೆ ಹೊಗೆ ಮತ್ತು ಬೆಂಕಿ. ನಮ್ಮ ನ್ಯಾಯಶಾಸ್ತ್ರದಲ್ಲೂ ಅದೇ ಹೊಗೆ, ಅದೇ ಬೆಂಕಿ. ಅಲ್ಲಿ ಆ ಹೊಗೆಗೆ ‘ಲಿಂಗ’ ಅಂತಲೇ ಹೆಸರು. ಕುರುಹು ಹಾಕಿ, ನನ್ನ ಓಟು ಅದಕ್ಕೇ.

ದಂಡಯಾತ್ರೆ
ಅಗಸ್ಟೀನನ ಸಿಗ್ನುಮ್‌ಗೆ ಕುರುಹು ಒಪ್ಪುತ್ತೇನೆ. ಲಿವಿಯ ಸಿಗ್ನುಮ್‌ಗೆ ಒಪ್ಪಲ್ಲ. ‘ಕುರುಹು ಹೊತ್ತು ಮುನ್ನುಗ್ಗಿದರು’ ಅಂದರೆ ಯಾರಿಗೆ ಅರ್ಥವಾಗುತ್ತದೆ? ಅಲ್ಲಿ ಲಾಂಛನವೇ ಬೇಕು.

ಪದಹುಡುಕಿ
ಎಲ್ಲರಿಗೂ ಮನಸಾರೆ ಧನ್ಯವಾದ. ಆ ಪುಟ ಹರಿದು ಹೊಸದಾಗಿ ಬರೆದೆ. ಸಿಗ್ನುಮ್‌ಗೆ ಒಂದು ಸಾಲು ಸಾಲದೆ ಇಡೀ ಪುಟ ಬಿಟ್ಟೆ: ಲಾಂಛನ, ಮುದ್ರೆ, ಪ್ರತಿಮೆ, ಗುಟ್ಟುಮಾತು, ಕುರುಹು. ಔಸ್ಪಿಕಿಯುಮ್ ಶಕುನ. ನೊತ ಕಪ್ಪುಚುಕ್ಕೆ. ಇಂದಿಕಿಯುಮ್‌ಗೆ ‘ಸುಳಿವು’ ಹಾಕಿದೆ, ಸರಿ ಇದೆಯಾ? ವೆಸ್ತೀಗಿಯುಮ್ ಒಂದೇ ಬಾಕಿ. ಹೆಜ್ಜೆಗುರುತು ಅಂತ ಗೊತ್ತು. ಆದರೆ ‘ಎ ವೆಸ್ತೀಗಿಯೋ’ ಅಂತ ಬಂದಾಗ ‘ತಕ್ಷಣ’ ಅಂತ ನಿಘಂಟು ಹೇಳುತ್ತದೆ. ಹೆಜ್ಜೆಗುರುತಿಗೂ ತಕ್ಷಣಕ್ಕೂ ಏನು ಸಂಬಂಧ?

ಮಲೆನಾಡ_ಮಳೆ
ಸುಳಿವು ಸರಿ ಇದೆ. ವೆಸ್ತೀಗಿಯುಮ್‌ಗೆ ಜಾಡು ಅಂತಲೂ ಸೇರಿಸಿ, ನಮ್ಮಲ್ಲಿ ತೋಟಕ್ಕೆ ಆನೆ ಬಂದ ಬೆಳಿಗ್ಗೆ ಹಿಡಿಯುವುದು ಅದನ್ನೇ. ಇನ್ನು ‘ಎ ವೆಸ್ತೀಗಿಯೋ’ ನೀವು ದಿನಾ ಆಡುವ ಮಾತೇ. ಫೋನ್ ಬಂತು, ‘ನಿಂತ ಹೆಜ್ಜೆಯಲ್ಲೇ ಹೊರಟೆ’ ಅನ್ನಲ್ವಾ?

ಪದಹುಡುಕಿ
ನಿಂತ ಹೆಜ್ಜೆಯಲ್ಲೇ! ಬರೆದುಕೊಂಡೆ.